ಬಾನೆಟ್ ಕೊನೆಗೆ ತೆಗೀರಿ

ಹಳೇ ಗಾಡಿ ನೋಡೋಕೆ ನಾಲ್ಕು ಜನ ಎಂಜಿನಿಯರಿಂಗ್ ಸ್ಟೂಡೆಂಟ್ಸ್ ಹೋದ್ರೆ ಮೊದಲು ಆಗೋ ಕೆಲಸ ಒಂದೇ, ಬಾನೆಟ್ ಎತ್ತೋದು. ಎತ್ತಿ, ಸೊಂಟದ ಮೇಲೆ ಕೈಯಿಟ್ಟು, ಒಳಗೆ ಏನೋ ಅರ್ಥ ಆದವರ ಥರ ತಲೆ ಆಡಿಸೋದು. ಒಬ್ಬ ಡಿಪ್‌ಸ್ಟಿಕ್ ಎಳೀತಾನೆ, ಇನ್ನೊಬ್ಬ "ಸ್ಟಾರ್ಟ್ ಮಾಡಿ ಸಾರ್, ರೇಸ್ ಮಾಡಿ" ಅಂತಾನೆ. ಸದ್ದು ಚೆನ್ನಾಗಿದ್ರೆ ಅರ್ಧ ವ್ಯಾಪಾರ ಮುಗೀತು. ನಾವೂ ಇದೇ ಜಾತಿ. ಆದರೆ ಈ ಸೆಮಿಸ್ಟರ್‌ನಲ್ಲಿ ನಡೆದ ಒಂದು ಸಂಗತಿಯಿಂದ ನಮ್ಮ ಅಭಿಪ್ರಾಯ ಬದಲಾಗಿದೆ. ಹಳೇ ಸ್ಪೋರ್ಟ್ಸ್ ಕಾರು ನೋಡುವಾಗ ಎಂಜಿನ್ ನೋಡಬೇಕಾದ್ದು ಕಟ್ಟಕಡೆಗೆ. ಇದಕ್ಕೆ ಮೆಕ್ಯಾನಿಕಲ್ ಬ್ರಾಂಚಿನವರು ಸಿಟ್ಟಾಗಬಹುದು. ನಮ್ಮಲ್ಲಿ ಇಬ್ಬರು ಮೆಕ್ಯಾನಿಕಲ್ಲೇ, ಅವರೂ ಮೊದಲು ಸಿಟ್ಟಾಗಿದ್ರು.

ಆದದ್ದಿಷ್ಟು. ನಮಗಿಂತ ಎರಡು ವರ್ಷ ಸೀನಿಯರ್ ಆಗಿದ್ದ ಅಣ್ಣ ಒಬ್ಬರು ಈಗ ಅಮೆರಿಕದ ಮಿಶಿಗನ್‌ನಲ್ಲಿ ಎಂಎಸ್ ಮಾಡ್ತಿದ್ದಾರೆ. ಹಾಸ್ಟೆಲ್‌ನಲ್ಲಿದ್ದಾಗ ಅವರ ಲ್ಯಾಪ್‌ಟಾಪ್ ವಾಲ್‌ಪೇಪರ್ ನಾಲ್ಕು ವರ್ಷವೂ ಒಂದೇ: ಕಣ್ಣು ಮೇಲೆತ್ತಿ ನೋಡೋ ಪುಟ್ಟ ಕೆಂಪು ಕಾರು, ಮಜ್ದಾ ಮಿಯಾಟಾ. ಅಲ್ಲಿಗೆ ಹೋದಮೇಲೆ ಸ್ಟೈಪೆಂಡ್‌ನಲ್ಲಿ ಉಳಿಸಿ ಉಳಿಸಿ 6,000 ಡಾಲರ್ ಕೂಡಿಹಾಕಿದ್ದಾರೆ, ಅಂದ್ರೆ ನಮ್ಮ ದುಡ್ಡಲ್ಲಿ 5 ಲಕ್ಷದ ಮೇಲೆ. ಅಷ್ಟೇ ಬೆಲೆಗೆ 1991ರ ಮಾಡೆಲ್ ಒಂದು ಜಾಹೀರಾತಿನಲ್ಲಿ ಕಾಣಿಸ್ತು. "ನಾಳೆ ನೋಡೋಕೆ ಹೋಗ್ತಿದೀನಿ, ವಿಡಿಯೋ ಕಾಲ್ ಮಾಡ್ತೀನಿ, ಎಲ್ಲರೂ ಸೇರ್ಕೊಂಡು ನೋಡ್ರೋ. ಒಬ್ಬನೇ ಹೋದ್ರೆ ನಾನು ಕಣ್ಣುಮುಚ್ಚಿ ದುಡ್ಡು ಕೊಟ್ಟು ಬಂದುಬಿಡ್ತೀನಿ" ಅಂದ್ರು. ಅಲ್ಲಿ ಬೆಳಿಗ್ಗೆ 9.30, ಇಲ್ಲಿ ಸಂಜೆ 7. ರೂಮಲ್ಲಿ ಐದು ಜನ, ಒಂದು ಲ್ಯಾಪ್‌ಟಾಪ್, ಮೆಸ್‌ನಿಂದ ತಂದ ಚಿತ್ರಾನ್ನ.

ಈ ಕಾರಿನ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಮಜ್ದಾ ಇದನ್ನ ಮೊದಲು ತೋರಿಸಿತು. ಬೇರೆ ದೇಶಗಳಲ್ಲಿ ಎಂಎಕ್ಸ್-5 ಅಂತ ಹೆಸರು. ಎರಡೇ ಸೀಟು, ಬಟ್ಟೆಯ ಮಡಚೋ ಟಾಪ್, 1.6 ಲೀಟರ್ ಎಂಜಿನ್, ಹಿಂದಿನ ಚಕ್ರಕ್ಕೆ ಡ್ರೈವ್, ತೂಕ ಹೆಚ್ಚೂಕಮ್ಮಿ ಒಂದು ಟನ್. ಹಳೇ ಬ್ರಿಟಿಷ್ ಓಪನ್ ಕಾರುಗಳ ಮಜಾ ಬೇಕು, ಅವುಗಳ ಎಣ್ಣೆ ಸೋರಿಕೆ ಮತ್ತು ಕರೆಂಟಿನ ಕಾಟ ಬೇಡ ಅನ್ನೋ ಯೋಚನೆಯ ಕೂಸು. 2016ರ ಏಪ್ರಿಲ್‌ಗೆ 10 ಲಕ್ಷ ಕಾರು ತಯಾರಾಗಿದ್ದವು. ಎರಡು ಸೀಟಿನ ಓಪನ್ ಸ್ಪೋರ್ಟ್ಸ್ ಕಾರುಗಳಲ್ಲಿ ಇದರಷ್ಟು ಮಾರಾಟವಾದದ್ದು ಬೇರೆ ಇಲ್ಲ.

ಕಾಲ್ ಬಂತು. ಕಾರು ಫಳಫಳ. ನಾವು ಐದೂ ಜನ ಒಟ್ಟಿಗೆ "ಬಾನೆಟ್ ತೆಗೀರಿ ಅಣ್ಣ!"

ಎಂಜಿನ್‌ನ ಪರೀಕ್ಷೆಗೆ ನಾವು ಎರಡು ದಿನ ಓದಿಕೊಂಡು ಬಂದಿದ್ವಿ. 1990ರಿಂದ 1991ರ ನಡುವಿನವರೆಗಿನ ಮಿಯಾಟಾಗಳಲ್ಲಿ ಒಂದು ಹೆಸರಾಂತ ಕಾಯಿಲೆ ಇದೆ. ಕ್ರ್ಯಾಂಕ್‌ಶಾಫ್ಟ್‌ನ ಮುಂದಿನ ಮೂಗು ಗಿಡ್ಡ, ಅಲ್ಲಿನ ಕೀ ಹಿಡಿತ ಸಾಲದು. ವರ್ಷಗಳು ಕಳೆದಂತೆ ಕೀ-ವೇ ಸವೆದು ಪುಲ್ಲಿ ಅಲ್ಲಾಡುತ್ತೆ, ಟೈಮಿಂಗ್ ಜಾರುತ್ತೆ, ಎಂಜಿನ್ ಸೊರಗುತ್ತೆ. ಆಮೇಲೆ ಮಜ್ದಾ ಮೂಗು ಉದ್ದ ಮಾಡಿತು. ಹೊರಗಿನಿಂದ ಕಂಡುಹಿಡಿಯೋದು ಸುಲಭ: ಪುಲ್ಲಿಯಲ್ಲಿ 4 ಸೀಳು ಇದ್ರೆ ಗಿಡ್ಡ ಮೂಗು, 8 ಇದ್ರೆ ಉದ್ದ ಮೂಗು. ಅಣ್ಣ ಟಾರ್ಚ್ ಹಿಡಿದು, ಚಿಕ್ಕ ಕನ್ನಡಿ ಇಟ್ಟು ಎಣಿಸಿದ್ರು. ಎಂಟು! ರೂಮಲ್ಲಿ ಸಿಕ್ಸರ್ ಹೊಡೆದಷ್ಟು ಗಲಾಟೆ. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಇತ್ತು. ಇಲ್ಲದಿದ್ರೂ ದೊಡ್ಡ ಭಯವಿಲ್ಲ, ಈ ಎಂಜಿನ್‌ನಲ್ಲಿ ಬೆಲ್ಟ್ ಹರಿದರೂ ವಾಲ್ವ್‌ಗೆ ಪಿಸ್ಟನ್ ಬಡಿಯೋದಿಲ್ಲ. ಕಂಪ್ರೆಷನ್ ಗೇಜನ್ನ ಅಲ್ಲಿನ ಆಟೋ ಪಾರ್ಟ್ಸ್ ಅಂಗಡಿಯವರು ಡಿಪಾಸಿಟ್ ಇಟ್ಟುಕೊಂಡು ಎರವಲು ಕೊಡ್ತಾರಂತೆ, ಅಣ್ಣ ತಂದಿದ್ರು. ನಾಲ್ಕೂ ಸಿಲಿಂಡರ್ ಹೆಚ್ಚೂಕಮ್ಮಿ ಒಂದೇ ರೀಡಿಂಗ್. ಹೊಗೆ ಇಲ್ಲ, ಎಣ್ಣೆ ಸೋರಿಲ್ಲ. ಇಸಿ ಬ್ರಾಂಚಿನ ಗೆಳತಿ "ಓಬಿಡಿ ಸ್ಕ್ಯಾನರ್ ಹಾಕಿ" ಅಂದಳು. ಆ ಸಾಕೆಟ್ ಅಮೆರಿಕದಲ್ಲಿ ಕಡ್ಡಾಯ ಆಗಿದ್ದೇ 1996ರ ಮಾಡೆಲ್‌ಗಳಿಂದ ಅಂತ ಗೊತ್ತಾದ ಮೇಲೆ ಸುಮ್ಮನಾದಳು.

"ಅಣ್ಣ, ತಗೊಳ್ಳಿ" ಅಂತ ನಾಲ್ಕು ಜನ ತೀರ್ಪು ಕೊಟ್ಟಾಯ್ತು.

ಐದನೆಯವನು ಕುಂದಾಪುರದವನು. ಅಲ್ಲಿವರೆಗೆ ಚಿತ್ರಾನ್ನ ಬಿಟ್ಟು ತಲೆ ಎತ್ತಿರಲಿಲ್ಲ. "ಆ ಊರಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರಲ್ವಾ? ಬಾಗಿಲ ಕೆಳಗೆ ತೋರಿಸಿ" ಅಂದ. ಸಮುದ್ರದ ಗಾಳಿಗೆ ಗೇಟು, ಕಿಟಕಿ ಸರಳು, ಅಪ್ಪನ ಓಮ್ನಿ ಎಲ್ಲ ತುಕ್ಕು ಹಿಡಿಯೋದನ್ನ ನೋಡ್ಕೊಂಡೇ ಬೆಳೆದವನು. ಮಿಶಿಗನ್‌ನಲ್ಲಿ ಹಿಮ ಕರಗಿಸೋಕೆ ಉಪ್ಪು ಸುರೀತಾರೆ, ನಿಜ. ಡೆಟ್ರಾಯಿಟ್ ನಗರದ ಅಡಿಯಲ್ಲೇ ಸಾವಿರ ಅಡಿಗೂ ಆಳದಲ್ಲಿ ದೊಡ್ಡ ಉಪ್ಪಿನ ಗಣಿ ಇದೆ. ಕಾರು ಕಟ್ಟಿದ ಊರೇ ಕಾರು ತಿನ್ನೋ ಉಪ್ಪಿನ ಮೇಲೆ ಕೂತಿದೆ!

ಇಲ್ಲಿ ಸ್ವಲ್ಪ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ನೆನಪು ಮಾಡ್ಕೊಳ್ಳಿ. ಮೂರನೇ ಸೆಮ್‌ನಲ್ಲಿ ಪಾಸಾಗಿ ಮರೆತಿದ್ದು. ಮಾಮೂಲಿ ಕಾರಿನಲ್ಲಿ ನೆಲ, ಕಂಬ, ಛಾವಣಿ ಸೇರಿ ಒಂದು ಆಳವಾದ ಪೆಟ್ಟಿಗೆ ಆಗುತ್ತೆ. ತೊಲೆಯ ಆಳ ಎಷ್ಟು ಮುಖ್ಯ ಅಂತ ಗೊತ್ತೇ ಇದೆ: ಆಯತಾಕಾರದ ತೊಲೆಯ ಆಳ ದುಪ್ಪಟ್ಟಾದ್ರೆ ಬಾಗುವಿಕೆಗೆ ಬಿಗಿತ 8 ಪಟ್ಟು. ಈಗ ಛಾವಣಿ ಕಿತ್ತುಹಾಕಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಭಾರ ಹೊರೋದು ಯಾರು? ನೆಲ, ನಡುವಿನ ಟನಲ್, ಮತ್ತೆ ಬಾಗಿಲ ಕೆಳಗಿನ ಎರಡು ಟೊಳ್ಳು ಪೆಟ್ಟಿಗೆಗಳು, ಅಂದ್ರೆ ಸಿಲ್. ಓಪನ್ ಕಾರಿನಲ್ಲಿ ಸಿಲ್ ಅಲಂಕಾರದ ತಗಡಲ್ಲ, ಅದೇ ಮುಖ್ಯ ತೊಲೆ. ಎಂಜಿನ್ ಕೆಟ್ಟರೆ ಬೋಲ್ಟ್ ಬಿಚ್ಚಿ ಇನ್ನೊಂದನ್ನ ಕೂರಿಸಬಹುದು. ಸಿಲ್ ಕೊಳೆತರೆ ಕಾರ್ಪೆಟ್, ಸೀಟು ಎಲ್ಲ ತೆಗೆದು, ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿ, ಪೇಂಟ್ ಹೊಡೀಬೇಕು. ಕೆಲಸ ಮಾಡುವಾಗ ಬಾಡಿ ಬಾಗದಂತೆ ಆಧಾರ ಕೊಡದಿದ್ರೆ ಆಮೇಲೆ ಬಾಗಿಲೇ ಹಾಕೋಕಾಗಲ್ಲ.

ಮಿಯಾಟಾದಲ್ಲಿ ಇನ್ನೂ ಒಂದು ಕಿತಾಪತಿ. ಬಟ್ಟೆ ಟಾಪ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದೆ ಎರಡೂ ಪಕ್ಕ ಇರೋ ಕೊಳವೆಗಳಿಗೆ ಇಳಿದು, ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಎಲೆ, ಕಸ ಸೇರಿ ಕೊಳವೆ ಕಟ್ಟಿಕೊಂಡ್ರೆ ನೀರು ಉಕ್ಕಿ ಒಳಗೇ ಇಳಿಯುತ್ತೆ, ಸಿಲ್‌ನಲ್ಲಿ ನಿಲ್ಲುತ್ತೆ. ತುಕ್ಕು ಒಳಗಿನಿಂದ ಹೊರಗೆ ಬರುತ್ತೆ. ಹೊರಗೆ ಪೇಂಟ್ ಮೇಲೆ ಒಂದು ಗುಳ್ಳೆ ಕಂಡಿತು ಅಂದ್ರೆ ಒಳಗಿನ ಕಥೆ ಆಗಲೇ ಮುಗಿದಿರುತ್ತೆ.

ಅಣ್ಣನ ಹತ್ರ ಒಂದು ಮ್ಯಾಗ್ನೆಟ್ ಇತ್ತು, ಫ್ರಿಜ್ ಮೇಲಿಂದ ಕಿತ್ತು ತಂದಿದ್ದು. ತಗಡಿಗೆ ಅಂಟುತ್ತೆ, ಪುಟ್ಟಿ ಮೆತ್ತಿದ ಕಡೆ ಅಂಟಲ್ಲ. ತೆರೆದೇ ಇದ್ದ ಬಾನೆಟ್ ಮೇಲೆ ಮೊದಲು ಇಟ್ರು. ಟಪ್ ಅಂತ ಬಿತ್ತು. "ಪೂರ್ತಿ ಪುಟ್ಟಿ! ಆಕ್ಸಿಡೆಂಟ್ ಗಾಡಿ!" ಅಂತ ನಾವು ಕೂಗಿಕೊಂಡ್ವಿ. ಆ ಬಾನೆಟ್ ಅಲ್ಯೂಮಿನಿಯಂದು, ಫ್ಯಾಕ್ಟರಿಯಿಂದಲೇ ಹಾಗೆ. ಮಾರುವವರು ನಗ್ತಾ ಹೇಳಿದ್ರು, ನಾವು ಮೈಕ್ ಮ್ಯೂಟ್ ಮಾಡಿದ್ವಿ. ಆಕ್ಸಿಡೆಂಟ್ ಆಗಿದೆಯಾ ಅಂತ ನೋಡೋಕೆ ಅಲ್ಲಿ ಬೇರೆ ದಾರಿ ಇದೆ: ಬಾಗಿಲು, ಫೆಂಡರ್, ಡಿಕ್ಕಿ ಬಾಗಿಲು, ಎಲ್ಲದರ ಮೇಲೂ ಚಾಸಿ ನಂಬರಿನ ಚಿಕ್ಕ ಸ್ಟಿಕ್ಕರ್ ಇರುತ್ತೆ. ಯಾವುದರಲ್ಲಿ ಇಲ್ಲವೋ, ಅದು ಬದಲಾಗಿದೆ ಇಲ್ಲಾ ಪೇಂಟ್ ಆಗಿದೆ. ಇದರಲ್ಲಿ ಎಲ್ಲ ಇದ್ದವು.

ಆಮೇಲೆ ಮ್ಯಾಗ್ನೆಟ್ ಸಿಲ್‌ಗೆ ಬಂತು. ಮುಂದಿನ ಕಡೆ ಅಂಟಿತು, ನಡುವೆಯೂ ಅಂಟಿತು. ಹಿಂದಿನ ಚಕ್ರದ ಹತ್ರ ಒಂದು ಗೇಣು ಜಾಗದಲ್ಲಿ ಜಾರಿ ಬಿತ್ತು. ಮತ್ತೆ ಇಟ್ರು, ಮತ್ತೆ ಬಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದ್ರೆ ಮುಂದೆ ಟಣ್ ಅನ್ನೋದು ಅಲ್ಲಿ ಬರೀ ಧಬ್. ಫೋನಿನಲ್ಲೂ ವ್ಯತ್ಯಾಸ ಕೇಳಿಸ್ತು. ಕೆಳಗೆ ಬಗ್ಗಿ ನೋಡಿದ್ರೆ ಹೊಸದಾಗಿ ಬಳಿದ ಕಪ್ಪು ಅಂಡರ್‌ಕೋಟ್, ಆ ಭಾಗಕ್ಕೆ ಮಾತ್ರ. ಕೊನೆಗೆ ಕುಂದಾಪುರದವನು ಹೇಳಿದ ಹಾಗೆ ಅಣ್ಣ ಅರ್ಧ ಬಾಟಲಿ ನೀರನ್ನ ಸೀಟಿನ ಹಿಂದಿನ ಕೊಳವೆಗೆ ಸುರಿದ್ರು. ಕಾರಿನ ಕೆಳಗೆ ಫೋನ್ ಇಟ್ಟು ನಾವೆಲ್ಲ ಉಸಿರು ಹಿಡಿದು ನೋಡಿದ್ವಿ. ಒಂದು ಹನಿಯೂ ಬೀಳಲಿಲ್ಲ. ಸ್ವಲ್ಪ ಹೊತ್ತಿಗೆ ಸೀಟಿನ ಹಿಂದಿನ ಕಾರ್ಪೆಟ್ ಒದ್ದೆಯಾಯ್ತು.

ಮಾರುವವರು ಸುಳ್ಳು ಹೇಳಿದ್ರು ಅಂತ ನಾವು ಹೇಳೋದಿಲ್ಲ. ಅವರು ಕೊಂಡಾಗಲೇ ಹಾಗಿತ್ತೇನೋ. ಆದರೆ ಅಣ್ಣ ಅರ್ಧ ಗಂಟೆ ಸುಮ್ಮನೆ ಕೂತಿದ್ರು. ನಾಲ್ಕು ವರ್ಷದ ವಾಲ್‌ಪೇಪರ್ ಕಣ್ಣೆದುರು ನಿಂತಿದೆ, ಜೇಬಲ್ಲಿ ದುಡ್ಡಿದೆ, ಎಂಜಿನ್ ಬಂಗಾರದ ಹಾಗಿದೆ. ನಮ್ಮಲ್ಲೊಬ್ಬ ಆಗಲೂ ವಾದ ಮಾಡ್ದ: "ಎಂಜಿನ್ ಚೆನ್ನಾಗಿದ್ರೆ ಸಾಕು, ಬಾಡಿ ಟಿಂಕರಿಂಗ್ ಮಾಡಿಸ್ಕೋಬಹುದು." ಈ ಮಾತು ನಮ್ಮ ಗ್ಯಾರೇಜುಗಳಲ್ಲಿ ದಿನಾ ಕೇಳ್ತೀವಿ, ಎಲ್ಲ ಕಡೆ ತಪ್ಪೂ ಅಲ್ಲ. ಹಳೇ ಜೀಪಿಗೆ ಲ್ಯಾಡರ್ ಚಾಸಿ ಇದೆ. ಬಾಡಿಯ ತಗಡು ಜರಡಿ ಆದ್ರೂ ಭಾರ ಹೊರೋದು ಕೆಳಗಿನ ಚಾಸಿ. ಬಾಡಿ ಎತ್ತಿ ಬೇರೆ ಕೂರಿಸಬಹುದು. ಹಾಗಂತ ಜೀಪ್ ನೋಡುವಾಗ ಬಾಡಿ ಬಿಟ್ಟು ಚಾಸಿ ನೋಡಿ. ಆರ್‌ಎಕ್ಸ್ 100 ನೋಡೋಕೆ ಹೋದ್ರೆ ಸೈಲೆನ್ಸರ್ ಸದ್ದಿಗೆ ಮರುಳಾಗೋ ಮೊದಲು ಫ್ರೇಮಿನ ಕುತ್ತಿಗೆ, ಅಲ್ಲಿನ ವೆಲ್ಡ್ ನೋಡಿ. ನಮ್ಮ ವಾದ ಇಷ್ಟೇ: ಯಾವುದನ್ನ ಬೋಲ್ಟ್ ಬಿಚ್ಚಿ ಬದಲಿಸೋಕೆ ಆಗಲ್ಲವೋ ಅದನ್ನ ಮೊದಲು ನೋಡಿ. ಅದು ಫೇಲಾದ್ರೆ ಬಾನೆಟ್ ತೆಗೆಯೋ ಅಗತ್ಯವೇ ಇಲ್ಲ. ನಾವು ಉಲ್ಟಾ ಮಾಡಿದ್ವಿ, ಅದಕ್ಕೇ ಎಂಜಿನ್ ಮೇಲೆ ಮನಸ್ಸಿಟ್ಟು ಆಮೇಲೆ ಬಿಡೋಕೆ ಅಷ್ಟು ಕಷ್ಟ ಆಯ್ತು. ಮೊದಲು ಸಿಲ್ ನೋಡಿದ್ರೆ ಹತ್ತು ನಿಮಿಷದಲ್ಲಿ ಥ್ಯಾಂಕ್ಸ್ ಹೇಳಿ ಹೊರಡಬಹುದಿತ್ತು.

ಕಾಗದಪತ್ರದ ವಿಷಯವೂ ಇದೇ ಸಾಲಿಗೆ ಸೇರಿದ್ದು. ಅಲ್ಲಿ ಟೈಟಲ್ ಅಂತಾರೆ. ಅದರಲ್ಲಿ ಸಾಲ್ವೇಜ್ ಅಂತಿದ್ರೆ ಇನ್ಶೂರೆನ್ಸ್‌ನವರು ಒಮ್ಮೆ ಕೈಬಿಟ್ಟ ಗಾಡಿ. ಇಲ್ಲಿ ಆರ್‌ಸಿಯಲ್ಲಿ ಸಾಲದ ನಮೂದು ಇದೆಯಾ, ಚಾಸಿ ನಂಬರ್ ಗಾಡಿಯ ಮೇಲಿನದಕ್ಕೆ ಸರಿಹೊಂದುತ್ತಾ ನೋಡಿ. ಬೋಲ್ಟ್ ಬಿಚ್ಚಿ ಇದನ್ನೂ ಬದಲಿಸೋಕಾಗಲ್ಲ.

ಮೂರು ವಾರ ಬಿಟ್ಟು ಇನ್ನೊಂದು ಕಾರು. 1995ರದು, 1.8 ಲೀಟರ್, ಹಿಮ ಅಪರೂಪವಾದ ಜಾರ್ಜಿಯಾದಿಂದ ಮಾಲೀಕರ ಜೊತೆ ಬಂದಿದ್ದು. ಬಣ್ಣ ಮಾಸಿದೆ, ಟಾಪ್ ಹರಿದಿದೆ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿ ತಿರುಗಿದೆ. ಈ ಸಲ ಅಣ್ಣ ಮೊದಲು ನೀರಿನ ಬಾಟಲಿ ತೆಗೆದ್ರು. ಸುರಿದ ಕೆಲವೇ ಸೆಕೆಂಡಿಗೆ ಎರಡೂ ಪಕ್ಕ ತೊಟತೊಟ ಅಂತ ನೆಲಕ್ಕೆ ಬಿತ್ತು. ಮ್ಯಾಗ್ನೆಟ್ ಸಿಲ್ ಉದ್ದಕ್ಕೂ ಅಂಟಿತು. ಜ್ಯಾಕ್ ಕೊಟ್ಟು ಒಂದು ಪಕ್ಕ ಎತ್ತಿದ್ರೂ ಬಾಗಿಲು ಮೊದಲಿನಷ್ಟೇ ಸಲೀಸಾಗಿ ತೆರೆದು ಮುಚ್ಚಿತು; ಬಾಡಿ ಬಾಗ್ತಿಲ್ಲ ಅಂತ ಅರ್ಥ. ಬಾನೆಟ್ ಮುಟ್ಟಿ ಎಂಜಿನ್ ತಣ್ಣಗಿದೆ ಅಂತ ಖಾತ್ರಿ ಮಾಡ್ಕೊಂಡು ಸ್ಟಾರ್ಟ್ ಮಾಡಿದ್ರು, ಯಾಕಂದ್ರೆ ಬಿಸಿ ಮಾಡಿಟ್ಟ ಎಂಜಿನ್ ಅರ್ಧ ಕಾಯಿಲೆ ಮುಚ್ಚಿಡುತ್ತೆ. ಟಿಕ್ ಟಿಕ್ ಸದ್ದು ಬಂತು. ಹೈಡ್ರಾಲಿಕ್ ಟ್ಯಾಪೆಟ್‌ದು; ಈ ಕಾರುಗಳಲ್ಲಿ ಮಾಮೂಲಿ, ಬಿಸಿಯಾದ ಮೇಲೆ ಕಡಿಮೆ ಆಯ್ತು. ಕ್ಲಚ್ ಸ್ಲೇವ್ ಸಿಲಿಂಡರ್ ಸೋರ್ತಿತ್ತು, ಅದು ಅಗ್ಗದ ಪಾರ್ಟು. ಆಯಿಲ್ ಪ್ರೆಶರ್ ಮುಳ್ಳು ನಡುವೆ ಗಟ್ಟಿಯಾಗಿ ನಿಂತಿದ್ದು ನೋಡಿ ನಾವು ಖುಷಿಪಟ್ವಿ. ಇಸಿಯವಳು ಈ ಸಲ ಓದಿಕೊಂಡು ಬಂದಿದ್ದಳು: 1995ರಿಂದ ಆ ಮೀಟರ್ ಬರೀ ನಾಟಕ, ಹಿಂದಿರೋದು ಆನ್-ಆಫ್ ಸ್ವಿಚ್ಚು, ಪ್ರೆಶರ್ ಒಂದು ಮಟ್ಟಕ್ಕಿಂತ ಮೇಲಿದ್ರೆ ಮುಳ್ಳು ನಡುವೆ ಬಂದು ನಿಲ್ಲುತ್ತೆ. ಡಿಜಿಟಲ್ ಸಿಗ್ನಲ್‌ಗೆ ಅನಲಾಗ್ ವೇಷ!

5,000 ಡಾಲರ್‌ಗೆ ವ್ಯಾಪಾರ ಆಯ್ತು. ಉಳಿದ ಸಾವಿರದಲ್ಲಿ ಹೊಸ ಟಾಪ್ ಮತ್ತು ಕ್ಲಚ್ ಕೆಲಸ. ಟಾಪನ್ನ ಅಣ್ಣ ತಾವೇ ಹಾಕ್ತೀನಿ ಅಂತ ಕೂತು ಎರಡು ಶನಿವಾರ ಕಳೆದಿದ್ದಾರೆ, ಇನ್ನೂ ಮುಗಿದಿಲ್ಲ. ಟಿಕ್ ಟಿಕ್ ಸದ್ದು ದಿನಾ ಬೆಳಿಗ್ಗೆ ಇದೆಯಂತೆ.

ಆ ಕೆಂಪು ಕಾರಿನ ಜಾಹೀರಾತನ್ನ ನಮ್ಮಲ್ಲೊಬ್ಬ ಆಗಾಗ ತೆಗೆದು ನೋಡ್ತಾನೆ. ಬೆಲೆ 500 ಡಾಲರ್ ಇಳಿದಿದೆ. ಬಾನೆಟ್ ತೆಗೆದು ಎಂಜಿನ್‌ನ ಫೋಟೋ ಇನ್ನೂ ಮೂರು ಸೇರಿಸಿದ್ದಾರೆ. ಬಾಗಿಲ ಕೆಳಗಿನದು ಒಂದೂ ಇಲ್ಲ.