ಮನೆ ಬಿಟ್ಟ ಬಾಲಕನ ಕಥೆ



ಬಾಲ್ಯದಲ್ಲಿ ನಾನಿದ್ದ ಪ್ರಸಾದ ನಿಲಯದಲ್ಲಿ ಸಾಹಸ ಕಥೆಯ ಪುಸ್ತಕ ಸಿಕ್ಕರೆ ಕಸಿದುಕೊಳ್ಳುತ್ತಿದ್ದರು. ಓದಿದರೆ ಸಂಸ್ಕಾರ ಕೆಡುತ್ತದಂತೆ. ಸವದತ್ತಿ, ರಾಮದುರ್ಗದ ಕಡೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಅದೇ ಮಾತು: ಮಕ್ಕಳು ನಮ್ಮವರ ನಡುವೆಯೇ ಬೆಳೆಯಬೇಕು, ನಮ್ಮ ಪುಸ್ತಕಗಳನ್ನೇ ಓದಬೇಕು.

ಆದರೆ ನಮ್ಮ ಧರ್ಮದ ಮೊದಲ ಹೆಜ್ಜೆಯೇ ಒಂದು ಸಾಹಸ. ಉಪನಯನ ಒಲ್ಲೆನೆಂದು ಬಾಗೇವಾಡಿಯ ಬಾಲಕನೊಬ್ಬ ಮನೆ ಬಿಟ್ಟು ಕೂಡಲಸಂಗಮಕ್ಕೆ ನಡೆದ ಕಥೆಯನ್ನು ಕೇಳುತ್ತಲೇ ಬೆಳೆದಿದ್ದೇವೆ. ಬಸವಣ್ಣನವರು ಹುಟ್ಟಿದ ಅಗ್ರಹಾರದಲ್ಲೇ ಉಳಿದಿದ್ದರೆ ಅನುಭವ ಮಂಟಪ ಎಲ್ಲಿರುತ್ತಿತ್ತು?

ಕಿತ್ತೂರಿನ ಕಥೆಯನ್ನೂ ಮಕ್ಕಳಿಗೆ ಪೂರ್ತಿ ಹೇಳೋಣ. 1824ರಲ್ಲಿ ಥ್ಯಾಕರೆಯ ಸೈನ್ಯವನ್ನು ಸೋಲಿಸಿದ ಚೆನ್ನಮ್ಮ ಲಿಂಗಾಯತರ ಮಗಳು. ಆಕೆ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ಮೇಲೂ ಹೋರಾಟ ಬಿಡದೆ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ ಕುರುಬರ ಮಗ. ಇದನ್ನು ಓದಿದ ಮಗು 'ನಮ್ಮವರು' ಎಂಬುದನ್ನು ಜಾತಿಯಿಂದ ಅಳೆಯಲಾರದು.

ಪ್ರತಿ ಪ್ರಸಾದ ನಿಲಯದಲ್ಲೂ ವಚನ ಗ್ರಂಥಗಳ ಪಕ್ಕದಲ್ಲಿ ಸಾಹಸ ಕಥೆಗಳದೊಂದು ಕಪಾಟು ಇರಲಿ ಎಂದು ಪೂಜ್ಯರಲ್ಲಿ ನಮ್ಮ ಬಿನ್ನಹ. ಓದಿದ ಮಕ್ಕಳು ನಾಳೆ ನಮ್ಮನ್ನೇ ಪ್ರಶ್ನಿಸಬಹುದು. ಪ್ರಶ್ನಿಸಲಿ. ಬಾಗೇವಾಡಿಯ ಬಾಲಕನೂ ಹಿರಿಯರನ್ನು ಪ್ರಶ್ನಿಸಿಯೇ ಬಸವಣ್ಣನಾದದ್ದು.