ಜ್ಞಾನಕ್ಕೂ ಪಡಿತರವೇ?

ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್ 25ರಂದು ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆಯಿತ್ತಾಗ ಶಿಕ್ಷಣ ವಲಯವು ಸಂತಸಪಟ್ಟುದು ಸಹಜವೇ. 2025ರಿಂದ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ವಿದ್ವತ್ ಪತ್ರಿಕೆಗಳು. 6,300ಕ್ಕೂ ಹೆಚ್ಚು ಸರಕಾರಿ ಸಂಸ್ಥೆಗಳು. ಮಕ್ಕಳನ್ನು ಸಂಶೋಧನೆಯ ಹಾದಿಗೆ ಕಳುಹಿಸಿರುವ ನಮ್ಮ ಅನೇಕ ಕನ್ನಡ ಕುಟುಂಬಗಳಿಗೆ ಇದು ದೂರದ ಸುದ್ದಿಯಲ್ಲ. ಆದರೆ ಚಂದಾ ತೆತ್ತ ಮಾತ್ರಕ್ಕೆ ಬಾಗಿಲು ಪೂರ್ತಿ ತೆರೆಯಿತೆಂದು ಭಾವಿಸುವುದು ಅವಸರವಾದೀತು.

ಪ್ರಕಾಶಕರು ಗ್ರಂಥಾಲಯಗಳೊಡನೆ ಮಾಡಿಕೊಳ್ಳುವ ಕರಾರುಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ. ಲೇಖನಗಳನ್ನು ಒಂದೊಂದಾಗಿ ಡೌನ್‌ಲೋಡ್ ಮಾಡಿಕೊಳ್ಳಬಹುದು. ಯಂತ್ರದ ನೆರವಿನಿಂದ ರಾಶಿರಾಶಿಯಾಗಿ ಇಳಿಸಿಕೊಳ್ಳಕೂಡದು. ಎಷ್ಟಾದರೆ ಅತಿ ಎಂಬುದನ್ನು ಅನೇಕ ಕರಾರುಗಳು ಸ್ಪಷ್ಟಪಡಿಸುವುದೇ ಇಲ್ಲ. ಅತಿಯಾಯಿತೆಂದು ಕಂಡರೆ ಇಡೀ ಸಂಸ್ಥೆಯ ಸಂಪರ್ಕವನ್ನೇ ಕಡಿಯುವುದುಂಟು. 2010ರ ಅಕ್ಟೋಬರಿನಲ್ಲಿ ಅಮೆರಿಕದ ಎಂ.ಐ.ಟಿ.ಯ ಜಾಲದ ಮೂಲಕ ಆರನ್ ಸ್ವಾರ್ಟ್ಸ್ ಎಂಬ ತರುಣ ಜೆಸ್ಟೋರ್ ಭಂಡಾರದಿಂದ ಅಪಾರ ಸಂಖ್ಯೆಯ ಲೇಖನಗಳನ್ನು ಇಳಿಸಿಕೊಂಡಾಗ, ಆ ಸಂಸ್ಥೆಯ ಸಮಸ್ತರಿಗೂ ಕೆಲವು ದಿನ ಭಂಡಾರದ ಬಾಗಿಲು ಮುಚ್ಚಿತು. 2011ರಲ್ಲಿ ಜೆಸ್ಟೋರ್ ರಾಜಿ ಮಾಡಿಕೊಂಡರೂ ಸರಕಾರಿ ಮೊಕದ್ದಮೆ ನಿಲ್ಲಲಿಲ್ಲ. ಅದು ಇತ್ಯರ್ಥವಾಗುವ ಮೊದಲೇ, 2013ರ ಜನವರಿಯಲ್ಲಿ, 26ರ ಹರೆಯದ ಆತ ಆತ್ಮಹತ್ಯೆ ಮಾಡಿಕೊಂಡ.

ಇಷ್ಟೊಂದು ಲೇಖನಗಳು ಒಬ್ಬರಿಗೆ ಏತಕ್ಕೆ ಎಂದು ಕೇಳಬಹುದು. 2015ರಲ್ಲಿ ನೆದರ್ಲೆಂಡ್ಸಿನ ಟಿಲ್ಬರ್ಗ್ ವಿಶ್ವವಿದ್ಯಾಲಯದ ಯುವ ಸಂಶೋಧಕರೊಬ್ಬರು ಮನಶ್ಶಾಸ್ತ್ರದ ಲೇಖನಗಳಲ್ಲಿನ ಅಂಕಿಅಂಶಗಳ ದೋಷಗಳನ್ನು ಗಣಕಯಂತ್ರದಿಂದ ಪರೀಕ್ಷಿಸಲು ಹೊರಟಿದ್ದರು. ವಿಶ್ವವಿದ್ಯಾಲಯ ಚಂದಾ ತೆತ್ತಿದ್ದರೂ ಎಲ್ಸೆವಿಯರ್ ಪ್ರಕಾಶನವು ಆ ರಾಶಿ ಇಳಿಕೆಯನ್ನು ನಿಲ್ಲಿಸಬೇಕೆಂದಿತು. ತಪ್ಪನ್ನು ಹುಡುಕಿ ತಿದ್ದುವ ಕೆಲಸವೇ ಅಲ್ಲಿ ತಪ್ಪೆನಿಸಿತು! ಚಂದಾ ತೆತ್ತ ಸಂಶೋಧನಾ ಸಂಸ್ಥೆಗಳ ಇಂಥ ಯಂತ್ರಪರೀಕ್ಷೆಯನ್ನು ಕರಾರುಗಳು ತಡೆಯಕೂಡದೆಂದು ಐರೋಪ್ಯ ಒಕ್ಕೂಟವು 2019ರಲ್ಲಿ ನಿರ್ದೇಶನ ಹೊರಡಿಸಿತು.

ಪ್ರಕಾಶಕರ ಆತಂಕ ನಿರಾಧಾರವೆಂದು ನಾವು ಹೇಳುವುದಿಲ್ಲ. ಲೇಖನಗಳನ್ನು ಅನುಮತಿಯಿಲ್ಲದೆ ಹಂಚುತ್ತಿದ್ದ ಸೈ-ಹಬ್ ತಾಣವನ್ನು ತಡೆಹಿಡಿಯುವಂತೆ ದಿಲ್ಲಿ ಉಚ್ಚ ನ್ಯಾಯಾಲಯ 2025ರ ಆಗಸ್ಟಿನಲ್ಲಿ ಆದೇಶಿಸಿತು. ಆದರೆ ಹಿಂಬಾಗಿಲನ್ನು ಮುಚ್ಚುವವರು ಮುಂಬಾಗಿಲನ್ನು ಅಗಲಗೊಳಿಸಬೇಡವೇ? ಯೋಜನೆಯ ಮೊದಲ ಹಂತದಲ್ಲಿ ಖಾಸಗಿ ಕಾಲೇಜುಗಳಿಗೆ ಸ್ಥಾನ ದೊರೆಯಲಿಲ್ಲ. ಯಾವ ಸಂಸ್ಥೆಗೂ ಸೇರದೆ ಶಾಸನವನ್ನೋ ಜಾನಪದವನ್ನೋ ಅಭ್ಯಸಿಸುವ ನಿವೃತ್ತ ಅಧ್ಯಾಪಕರ ಪಾಡೇನು?

ಬ್ಯಾಂಕಿನ ಕೌಂಟರಿನ ಹಿಂದೆ ದಶಕಗಳನ್ನು ಕಳೆದ ನಮಗೆ ಮಿತಿಯೆಂಬುದು ಹೊಸತಲ್ಲ. ಎ.ಟಿ.ಎಂ.ನಿಂದ ದಿನಕ್ಕೆ ಇಷ್ಟೇ ಹಣ ಎಂಬ ಕಟ್ಟಳೆಯಿದೆ. ಆದರೆ ಆ ಮೊತ್ತ ಗ್ರಾಹಕನಿಗೆ ಮೊದಲೇ ತಿಳಿದಿರುತ್ತದೆ. ಒಬ್ಬ ಮಿತಿ ಮೀರಲೆತ್ನಿಸಿದನೆಂದು ಇಡೀ ಶಾಖೆಯ ಖಾತೆಗಳನ್ನು ಯಾರೂ ಸ್ಥಗಿತಗೊಳಿಸುವುದಿಲ್ಲ. ಹೆಚ್ಚಿನ ಮೊತ್ತ ಬೇಕಾದವನು ಚೆಕ್ಕು ಬರೆದು ಪಡೆಯಬಹುದು.

2027ರ ನಂತರದ ಕರಾರುಗಳನ್ನು ಬರೆಯುವಾಗ ಸರಕಾರವು ಇಷ್ಟನ್ನಾದರೂ ಕೇಳಿ ಪಡೆಯಬೇಕೆಂಬುದು ನಮ್ಮ ಅಭಿಮತ: ಮಿತಿಯನ್ನು ಅಂಕಿಯಲ್ಲಿ ತಿಳಿಸಲಿ, ತಪ್ಪಿದವರಿಗೆ ಮಾತ್ರ, ಅದೂ ಮುನ್ಸೂಚನೆ ಕೊಟ್ಟು, ತಡೆಯೊಡ್ಡಲಿ, ಯಂತ್ರಪರೀಕ್ಷೆಗೆ ಅನುಮತಿಯಿರಲಿ, ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ಓದುವವರಿಗೂ ಅವಕಾಶ ದೊರೆಯಲಿ. ಸಂಶೋಧನೆಯ ವೆಚ್ಚದ ಬಹುಪಾಲು ಸಾರ್ವಜನಿಕರದು, ಚಂದಾ ಹಣವೂ ಸಾರ್ವಜನಿಕರದು. ಆ ಫಲವನ್ನು ಉಣಬಡಿಸುವಾಗ ಪಡಿತರದ ಸಾಲೇಕೆ?