ಕಾಲುವೆಯ ಕೊನೆಯ ಗದ್ದೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರಸ್ಟ್‌ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋದಾಗ ನಾಡಿಗೆ ನಾಡೇ ಬೆಚ್ಚಿಬಿದ್ದಿತು. ತುಂಬಿದ ಜಲಾಶಯದ ನೀರು ವ್ಯರ್ಥವಾಗಿ ಹೊಳೆಗೆ ಹರಿಯುವುದನ್ನು ಕಂಡು ಮರುಗದವರಿಲ್ಲ. ವಾರದೊಳಗೆ ತಾತ್ಕಾಲಿಕ ಗೇಟನ್ನು ಕೂಡಿಸಲಾಯಿತು. ಮುಂಗಾರೂ ಕೈಬಿಡಲಿಲ್ಲ, ಜಲಾಶಯ ಮತ್ತೆ ತುಂಬಿತು. ಆದರೆ ಎಡದಂಡೆ ಕಾಲುವೆಯ ಕೊನೆಯಲ್ಲಿರುವ ಮಾನ್ವಿ, ಸಿರವಾರ ಭಾಗದ ರೈತರಿಗೆ, ಎಲ್ಲ ಗೇಟುಗಳೂ ಗಟ್ಟಿಯಾಗಿದ್ದ ವರ್ಷಗಳಲ್ಲಿಯೂ ನೀರು ಸಕಾಲಕ್ಕೆ ತಲುಪದಿದ್ದುದುಂಟು. ಆ ನಷ್ಟಕ್ಕೆ ಅಷ್ಟು ದೊಡ್ಡ ಸುದ್ದಿಯಾಗುವ ಭಾಗ್ಯವಿಲ್ಲ.

ನಮ್ಮ ಅನೇಕ ಮನೆಗಳಲ್ಲಿ ಬೇಯುವ ಸೋನಾ ಮಸೂರಿ ಅಕ್ಕಿ ಗಂಗಾವತಿ, ಸಿಂಧನೂರಿನ ಗದ್ದೆಗಳಿಂದ ಬರುವುದರಿಂದ ಈ ಸಂಗತಿ ನಮಗೆ ಹೊರಗಿನದಲ್ಲ. 1953ರಲ್ಲಿ ಈ ಅಣೆಕಟ್ಟು ಪೂರ್ಣಗೊಂಡಾಗ ಯೋಜಕರ ಉದ್ದೇಶ ಬೇರೆಯೇ ಇತ್ತು. ಬರಪೀಡಿತ ಪ್ರದೇಶದ ಹೆಚ್ಚು ಜನರಿಗೆ ತುಸುತುಸುವಾಗಿ ನೀರುಣಿಸಬೇಕು. ಜೋಳ, ಶೇಂಗಾ, ಹತ್ತಿಗಳೇ ಪ್ರಧಾನವಾಗಿ, ಭತ್ತ ಸೀಮಿತ ಭೂಮಿಯಲ್ಲಿರಬೇಕು ಎಂಬುದು ಅವರ ಲೆಕ್ಕವಾಗಿತ್ತು. ಕಾಲುವೆಯ ಮೇಲ್ಭಾಗದಲ್ಲಿ ಆ ಲೆಕ್ಕ ಬಹುಬೇಗ ತಲೆಕೆಳಗಾಯಿತು. ಅದಕ್ಕೆ ಅಲ್ಲಿಯ ರೈತನ ಆಶೆಯೊಂದೇ ಕಾರಣವೆನ್ನುವುದು ನ್ಯಾಯವಲ್ಲ. ಒಬ್ಬನು ಭತ್ತ ನಾಟಿಮಾಡಿದರೆ ಅವನ ಗದ್ದೆಯಿಂದ ಜಿನುಗುವ ನೀರು ನೆರೆಯವನ ಜೋಳವನ್ನು ಕೊಳೆಯಿಸುತ್ತದೆ. ಮರುವರ್ಷ ನೆರೆಯವನೂ ಭತ್ತಕ್ಕೆ ಶರಣಾಗಲೇಬೇಕು. ಈ ನಡುವೆ ಹೂಳು ತುಂಬಿ ಜಲಾಶಯದ ಸಾಮರ್ಥ್ಯವೂ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ.

ಭತ್ತಕ್ಕೆ ಇಷ್ಟೊಂದು ನೀರು ನಿಜಕ್ಕೂ ಬೇಕೆ? ಸಹಿಸುವುದು ಬೇರೆ, ಬಯಸುವುದು ಬೇರೆ ಎಂದು ತರ್ಕಶಾಸ್ತ್ರ ಕಲಿಸುತ್ತದೆ. ಭತ್ತವು ನಿಂತ ನೀರನ್ನು ಸಹಿಸುತ್ತದೆ, ಕಳೆಗಳು ಸಹಿಸುವುದಿಲ್ಲ. ಗದ್ದೆಯಲ್ಲಿ ನೀರು ನಿಲ್ಲಿಸುವುದಕ್ಕೆ ಮುಖ್ಯ ಕಾರಣ ಇದೇ. ಈ ಭೇದವನ್ನು ಗದ್ದೆಯಲ್ಲಿಯೇ ಕಂಡುಕೊಂಡವರಲ್ಲಿ ಯೇಸುಸಭೆಯ ಫ್ರೆಂಚ್ ಗುರು ಆನ್ರಿ ದ ಲೊಲಾನಿಯೆ ಒಬ್ಬರು. ಕೃಷಿಶಾಸ್ತ್ರ ಓದಿದ್ದ ಅವರು 1961ರಲ್ಲಿ ಮಡಗಾಸ್ಕರ್‌ಗೆ ಹೋದರು. 1983ರ ಹಂಗಾಮಿನಲ್ಲಿ ಸಮಯ ಸಾಲದೆ, ತಿಂಗಳು ತುಂಬಿದ ಸಸಿಗಳ ಬದಲು ಹದಿನೈದು ದಿನಗಳ ಎಳೆಯ ಸಸಿಗಳನ್ನು ನಾಟಿಮಾಡಬೇಕಾಯಿತು. ಅವು ಸೊರಗುವ ಬದಲು ಹುಲುಸಾಗಿ ತೆಂಡೆಯೊಡೆದವು. ಒಂಟಿ ಸಸಿ, ವಿಶಾಲ ಅಂತರ, ನೀರು ನಿಲ್ಲಿಸದೆ ಬರಿಯ ತೇವ ಕಾಯ್ದುಕೊಳ್ಳುವುದು: ನಮ್ಮಲ್ಲಿ ‘ಶ್ರೀ’ ಪದ್ಧತಿಯೆಂದು ಹೆಸರಾದುದು ಇದೇ. ಇದರ ಇಳುವರಿಯ ಬಗೆಗಿನ ದೊಡ್ಡ ಮಾತುಗಳನ್ನು ಹಲವು ವಿಜ್ಞಾನಿಗಳು ಒಪ್ಪಿಲ್ಲ. ಕಳೆ ಕೀಳುವ ಶ್ರಮವೂ ಹೆಚ್ಚು. ಆದರೆ ನೀರು ಉಳಿಯುವುದರಲ್ಲಿ ಅಷ್ಟು ವಿವಾದವಿಲ್ಲ. ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಅಕ್ಕಿ ಸಂಶೋಧನಾ ಸಂಸ್ಥೆಯ ಉಪಾಯ ಇನ್ನೂ ಸರಳ. ತೂತುಗಳುಳ್ಳ ಕೊಳವೆಯೊಂದನ್ನು ಗದ್ದೆಯಲ್ಲಿ ಹೂಳಬೇಕು. ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದ ಮೇಲೆ ಮಾತ್ರ ಮತ್ತೆ ಹಾಯಿಸಬೇಕು. ಹೂವಾಡುವ ಸಮಯವೊಂದನ್ನು ಬಿಟ್ಟರೆ ಪೈರಿಗೆ ಇದರಿಂದ ಹಾನಿಯಿಲ್ಲ. ಗದ್ದೆಯಿಂದ ಏಳುವ ಮಿಥೇನ್ ಅನಿಲವೂ ಕುಗ್ಗುತ್ತದೆ.

ಹೀಗಿದ್ದೂ ಕಾಲುವೆಯ ಮೇಲಣ ರೈತ ಗದ್ದೆಯನ್ನು ತುಂಬಿಸಿಯೇ ಇಡುತ್ತಾನೇಕೆ? ಅವನು ಅಜ್ಞಾನಿಯಲ್ಲ. ಸ್ವಂತ ಕೊಳವೆಬಾವಿಯುಳ್ಳವನು ನೀರನ್ನು ಇಳಿಯಬಿಡಬಲ್ಲ, ನಾಳೆ ಗುಂಡಿ ಒತ್ತಿದರಾಯಿತು. ಕಾಲುವೆಯ ರೈತನಿಗೆ ಮುಂದಿನ ಸರದಿ ಯಾವಾಗ ಎಂಬ ಭರವಸೆಯಿಲ್ಲ. ಆದುದರಿಂದ ಗದ್ದೆಯೇ ಅವನ ಉಗ್ರಾಣ. ಅಲ್ಲದೆ ಅವನು ತೆರುವ ನೀರಿನ ಕರ ಎಕರೆಯ ಲೆಕ್ಕದ್ದು, ನೀರಿನ ಅಳತೆಯದಲ್ಲ. ಉಳಿಸಿದ ನೀರು ಕೊನೆಯ ಗದ್ದೆಗೆ ಹೋಗುವುದೋ, ನಡುವೆ ಯಾರದೋ ಪಂಪುಸೆಟ್ಟಿಗೆ ಸೇರುವುದೋ ಅವನು ಬಲ್ಲನೆ? ಇಂತಹವನಿಗೆ ಮಿತಬಳಕೆಯ ಉಪದೇಶ ಮಾಡುವುದು ಸುಲಭ. ಉಪದೇಶವೇ ವೃತ್ತಿಯಾದ ನಾನು ಇದನ್ನು ತುಸು ಸಂಕೋಚದಿಂದಲೇ ಬರೆಯುತ್ತಿದ್ದೇನೆ. ನೀರಾವರಿ ಸಲಹಾ ಸಮಿತಿ ಸರದಿಯನ್ನು ನಿಗದಿಪಡಿಸಿದರೆ ಸಾಲದು; ಪ್ರತಿ ಉಪಕಾಲುವೆಗೆ ಹರಿದ ನೀರನ್ನು ಅಳೆದು ಊರ ಚಾವಡಿಯಲ್ಲಿ ಬರೆದು ಹಾಕಬೇಕು. ನೀರು ಬಳಕೆದಾರರ ಸಹಕಾರ ಸಂಘಗಳು ಇರುವಲ್ಲಿ ಕೊನೆಯ ಗದ್ದೆಯವನಿಗೂ ಅದರ ಆಡಳಿತದಲ್ಲಿ ಸ್ಥಾನವಿರಬೇಕು.

ಇತ್ತೀಚಿನ ವರ್ಷಗಳಲ್ಲಿ ಈ ಭಾಗದ ಹಲವು ರೈತರು ಸಸಿಮಡಿ, ನಾಟಿಗಳನ್ನು ಕೈಬಿಟ್ಟು, ಕಾಲುವೆಯ ನೀರಿಗೆ ಕಾಯದೆ ಒಣ ಮಣ್ಣಿಗೇ ಕೂರಿಗೆಯಿಂದ ಭತ್ತ ಬಿತ್ತತೊಡಗಿದ್ದಾರೆ. ಮೊದಲ ಕೆಲವು ವಾರಗಳು ಮಳೆಯಲ್ಲಿಯೇ ಸಾಗುತ್ತವೆ. ಆಮೇಲೆ ತೆನೆ ಹೊರಡುವ ಹೊತ್ತಿಗೆ ಅವರೂ ಕಾಲುವೆಯ ಏರಿಯ ಮೇಲೆ ನಿಂತು ದಾರಿ ನೋಡುತ್ತಾರೆ.